ಒಂದು ಸಾಲು ಬದಲಿಸೋಕೆ ಒಂದು ವಾರ ಯಾಕೆ?

ಪ್ರಶ್ನೆ: ದೊಡ್ಡ ಕಂಪನಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿ ಸೇರಿ ಕೆಲವು ತಿಂಗಳಾಯಿತು. ಕೋಡಿನ ಒಂದು ಸಾಲು ಬದಲಿಸಿದರೂ ಅದು ಪ್ರೊಡಕ್ಷನ್‌ಗೆ, ಅಂದರೆ ಗ್ರಾಹಕರು ನಿಜವಾಗಿ ಬಳಸುವ ಸಿಸ್ಟಮ್‌ಗೆ, ಹೋಗೋಕೆ ವಾರ ಹಿಡಿಯುತ್ತದೆ. ಸ್ಟಾರ್ಟಪ್‌ನಲ್ಲಿರುವ ಗೆಳತಿ ದಿನಕ್ಕೆ ಮೂರು ನಾಲ್ಕು ಸಲ ರಿಲೀಸ್ ಮಾಡುತ್ತಾಳೆ. ನಾನು ಹಿಂದೆ ಬೀಳ್ತಿದ್ದೀನಾ?

ಉತ್ತರ: ಇಲ್ಲ. ಆದರೆ ಆ ವಾರದಲ್ಲಿ ಏನು ನಡೆಯುತ್ತದೆ ಅಂತ ನೀವು ನೋಡದಿದ್ದರೆ ಖಂಡಿತ ಹಿಂದೆ ಬೀಳುತ್ತೀರಿ.

ಒಂದು ಸರ್ವಿಸ್‌ನ ಟೈಮ್‌ಔಟನ್ನು (ಎಷ್ಟು ಹೊತ್ತು ಕಾದು ಕೈಬಿಡಬೇಕು ಎಂಬ ಮಿತಿ) 2 ಸೆಕೆಂಡಿನಿಂದ 5ಕ್ಕೆ ಏರಿಸಬೇಕು ಅಂದುಕೊಳ್ಳಿ. ನೀವು ಬದಲಿಸುವುದು ಒಂದೇ ಅಂಕಿ. ರಿವ್ಯೂ ಮಾಡುವವರು, ಅಂದರೆ ನಿಮ್ಮ ಕೋಡ್ ಓದಿ ಒಪ್ಪಿಗೆ ಕೊಡುವ ಸಹೋದ್ಯೋಗಿಗಳು, ಕೇಳುತ್ತಾರೆ: ‘ನಮ್ಮನ್ನು ಕರೆಯುವ ಸರ್ವಿಸ್ 3 ಸೆಕೆಂಡಿಗೇ ಕೈಬಿಟ್ಟು ಮತ್ತೆ ಕರೆದರೆ?’ ಹಳೇ ರಿಕ್ವೆಸ್ಟ್ ಇನ್ನೂ ಓಡುತ್ತಿರುತ್ತದೆ, ಅಷ್ಟರಲ್ಲಿ ಹೊಸದು ಬಂದು ಕೂರುತ್ತದೆ. ಡೇಟಾಬೇಸ್ ಮೇಲೆ ಹೊರೆ ಏರುತ್ತಲೇ ಹೋಗುತ್ತದೆ. ಇಂಥ ಪ್ರಶ್ನೆ ಪುಸ್ತಕ ಓದಿದವರಿಗಿಂತ, ಆ ಸಿಸ್ಟಮ್ ಒಮ್ಮೆ ಮಗುಚಿದ್ದನ್ನು ಕಂಡವರಿಗೇ ಬೇಗ ಹೊಳೆಯುವುದು.

ರಿವ್ಯೂ ಮುಗಿದ ಮೇಲೂ ಕೋಡ್ ಒಮ್ಮೆಲೇ ಎಲ್ಲರಿಗೂ ಹೋಗುವುದಿಲ್ಲ. ಮೊದಲು ಕೆಲವೇ ಸರ್ವರ್‌ಗಳು, ಆಮೇಲೆ ಒಂದು ಪ್ರದೇಶ, ಆಮೇಲೆ ಉಳಿದದ್ದು. ಈ ಹಂತಗಳನ್ನು ಬಿಟ್ಟರೆ ಏನಾಗುತ್ತದೆ ಅಂತ 2024ರ ಜುಲೈ 19ರಂದು ಜಗತ್ತೇ ನೋಡಿತು. ಕಂಪ್ಯೂಟರ್ ಭದ್ರತೆಯ ಕಂಪನಿ ಕ್ರೌಡ್‌ಸ್ಟ್ರೈಕ್ ಕಳಿಸಿದ ಒಂದು ಚಿಕ್ಕ ಕಾನ್ಫಿಗರೇಶನ್ ಫೈಲಿಗೆ 21 ಇನ್‌ಪುಟ್ ಬೇಕಿತ್ತು, ಸಿಕ್ಕಿದ್ದು 20. ಕಂಪನಿ 78 ನಿಮಿಷದಲ್ಲಿ ಅದನ್ನು ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಕೆಟ್ಟು ನಿಂತಿದ್ದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಅಂಥ ಫೈಲುಗಳನ್ನೂ ಹಂತ ಹಂತವಾಗಿ ಬಿಡುವ ಪದ್ಧತಿ ಆ ಕಂಪನಿಗೆ ಬಂದದ್ದು ಆಮೇಲೆ. ನಿಮ್ಮ ಗೆಳತಿಯ ಕೋಡ್ ಕೆಟ್ಟರೆ ಹತ್ತು ನಿಮಿಷದಲ್ಲಿ ಸರಿಮಾಡಬಹುದು. ಹಾನಿಯೂ ಅಷ್ಟರಲ್ಲೇ ಇರುತ್ತದೆ.

ಹಾಗಂತ ಎಲ್ಲ ಕಾಯುವಿಕೆಯೂ ಸರಿ ಅಂತ ನಾನು ಹೇಳುವುದಿಲ್ಲ. ಯಾರೂ ತೆರೆದೇ ನೋಡದೆ ನಾಲ್ಕು ದಿನ ಬಿದ್ದಿರುವ ರಿವ್ಯೂ ಸುಮ್ನೆ ನಷ್ಟ. ಗೂಗಲ್ ಬಹಿರಂಗವಾಗಿ ಇಟ್ಟಿರುವ ರಿವ್ಯೂ ಮಾರ್ಗಸೂಚಿ, ಉತ್ತರ ಕೊಡಲು ಹೆಚ್ಚೆಂದರೆ ಒಂದು ಕೆಲಸದ ದಿನ ಎನ್ನುತ್ತದೆ. ಸುಮಾರು 100 ಸಾಲಿನ ಬದಲಾವಣೆ ಸಾಮಾನ್ಯವಾಗಿ ಸರಿ, 1000 ಸಾಲು ಜಾಸ್ತಿ ಆಯ್ತು ಅಂತಲೂ ಅದರಲ್ಲಿದೆ. ಅದೇ ಅಳತೆ ಇಟ್ಟುಕೊಳ್ಳಿ. ಚಿಕ್ಕದಾಗಿ ಕಳಿಸಿ. ಯಾಕೆ ಬದಲಿಸಿದಿರಿ, ಹೇಗೆ ಪರೀಕ್ಷೆ ಮಾಡಿದಿರಿ ಅಂತ ಮೇಲೆ ನಾಲ್ಕು ಸಾಲು ಬರೆಯಿರಿ. ಒಂದು ದಿನ ದಾಟಿದರೆ ಸಂಕೋಚವಿಲ್ಲದೆ ನೆನಪಿಸಿ.

ಉಳಿದ ಸಮಯದಲ್ಲಿ ನಿಮ್ಮ ತಂಡದ ಹಳೇ ಪೋಸ್ಟ್‌ಮಾರ್ಟಮ್‌ಗಳನ್ನು (ಸಿಸ್ಟಮ್ ಕೆಟ್ಟಾಗ ಏನಾಯಿತು, ಯಾಕಾಯಿತು ಅಂತ ಬರೆದಿಟ್ಟ ವರದಿಗಳು) ಓದಿ. ಕಂಪನಿಯೊಳಗೆ ಇಷ್ಟು ಒಳ್ಳೆಯ ಪಾಠ ಬೇರೆಲ್ಲೂ ಸಿಗುವುದಿಲ್ಲ, ಸ್ಟಾರ್ಟಪ್‌ನಲ್ಲಂತೂ ಅಷ್ಟು ರಾಶಿ ಇರುವುದು ಅಪರೂಪ. ನಿಮ್ಮ ಕೋಡ್ ಮೊದಲ ಸರ್ವರ್‌ಗಳಿಗೆ ಹೋದ ದಿನ ಸಿಸ್ಟಮ್ ಹೇಗೆ ಓಡುತ್ತಿದೆ ಅಂತ ತೋರಿಸುವ ಗ್ರಾಫ್ ಮುಂದೆ ನೀವೇ ಕೂತು ನೋಡಿ. ವರ್ಷವಾದರೂ ನಿಮ್ಮ ಕೈಗೆ ಒಂದೊಂದು ಸಾಲಿನ ಕೆಲಸವೇ ಬರುತ್ತಿದ್ದರೆ, ಅದು ಬೇರೆ ಸಮಸ್ಯೆ. ಮ್ಯಾನೇಜರ್ ಹತ್ತಿರ ಕೂತು, ಮೊದಲಿಂದ ಕೊನೆಯವರೆಗೆ ನಿಮ್ಮದೇ ಆಗಿರುವ ಒಂದು ಚಿಕ್ಕ ಪ್ರಾಜೆಕ್ಟ್ ಕೇಳಿ.