ಟಿವಿಯಲ್ಲಿ ಚೆಂದ ಕಾಣುವ ಹಳೇ ಗೇಮ್ ರೆಕಾರ್ಡಿಂಗ್‌ನಲ್ಲಿ ಯಾಕೆ ಕೆಡುತ್ತದೆ?

ಓದುಗರ ಪ್ರಶ್ನೆ: ನನ್ನ ಹತ್ತಿರ ಸೂಪರ್ ನಿಂಟೆಂಡೊ ಗೇಮ್ ಕನ್ಸೋಲ್ ಇದೆ. ಹಳದಿ ಪಿನ್ನಿನ ಕೇಬಲ್ಲನ್ನು ಯುಎಸ್‌ಬಿ ಕ್ಯಾಪ್ಚರ್ ಸ್ಟಿಕ್‌ಗೆ ಹಾಕಿ ಕಂಪ್ಯೂಟರಿನಲ್ಲಿ ಆಟ ರೆಕಾರ್ಡ್ ಮಾಡುತ್ತೇನೆ. ಹೀರೋ ಓಡಿದರೆ ಅವನ ಅಂಚಿನಲ್ಲೆಲ್ಲ ಅಡ್ಡ ಗೆರೆಗಳು. ಏಟು ಬಿದ್ದಾಗ ಮಿಣಮಿಣ ಅನ್ನಬೇಕಾದವನು ಗೆರೆಗೆರೆಯಾಗಿ ನಿಂತುಬಿಡುತ್ತಾನೆ. ಹಳೇ ಟಿವಿಯಲ್ಲಿ ಎಲ್ಲ ಸರಿಯಾಗಿದೆ. ಸ್ಟಿಕ್ ಕೆಟ್ಟಿದೆಯಾ?

ಉತ್ತರ: ಕೆಟ್ಟಿಲ್ಲ. ನಿಮ್ಮ ಕನ್ಸೋಲ್ ಏನು ಕಳಿಸುತ್ತಿದೆ ಅನ್ನುವುದನ್ನು ಅದು ತಪ್ಪಾಗಿ ತಿಳಿದುಕೊಂಡಿದೆ, ಅಷ್ಟೇ.

ಹಳೇ ಟಿವಿ ಪ್ರಸಾರದಲ್ಲಿ ಒಂದು ಚಿತ್ರ ಎರಡು ಕಂತಿನಲ್ಲಿ ಬರುತ್ತಿತ್ತು. ಮೊದಲು ಬೆಸ ಸಾಲುಗಳು, ಆಮೇಲೆ ಅವುಗಳ ಸಂದಿಯಲ್ಲಿ ಸಮ ಸಾಲುಗಳು. ಅಮೆರಿಕ, ಜಪಾನಿನ ಎನ್‌ಟಿಎಸ್‌ಸಿ ಟಿವಿ ಪದ್ಧತಿಯಲ್ಲಿ ಒಂದು ಕಂತಿಗೆ 262.5 ಸಾಲು. ಎರಡನೇ ಕಂತನ್ನು ಸಂದಿಯೊಳಗೆ ಕೂರಿಸುವುದು ಕೊನೆಯ ಆ ಅರ್ಧ ಸಾಲೇ. ಗೇಮ್ ಕನ್ಸೋಲ್ ಮಾಡಿದವರು ಅದನ್ನು ಬಿಟ್ಟು 262 ಸಾಲಷ್ಟೇ ಕಳಿಸಿದರು. ಹಾಗಾಗಿ ಪ್ರತಿ ಕಂತೂ ಅದೇ ಜಾಗದಲ್ಲಿ ಮೂಡುತ್ತದೆ, ಪ್ರತಿ ಕಂತೂ ಒಂದು ಪೂರ್ತಿ ಚಿತ್ರ. ಸೆಕೆಂಡಿಗೆ ಸುಮಾರು 60 ಚಿತ್ರ. ಸಾಲುಗಳಲ್ಲಿ ಚಿತ್ರಕ್ಕೆ ಸಿಗುವುದು ಸುಮಾರು 240, ಅದಕ್ಕೇ ಇದನ್ನು 240ಪಿ ಅನ್ನುವುದು. ಎಷ್ಟು ಜಾಣ ಉಪಾಯ ನೋಡಿ!

ಪಿಕ್ಚರ್ ಟ್ಯೂಬಿನ ಟಿವಿ ಬಂದದ್ದನ್ನು ಬಂದ ಹಾಗೆ ಬರೆಯುತ್ತದೆ, ಅದಕ್ಕೆ ಇದರಿಂದ ತೊಂದರೆಯೇ ಇಲ್ಲ. ಕ್ಯಾಪ್ಚರ್ ಸ್ಟಿಕ್ ಮಾತ್ರ ಎರಡು ಬೇರೆ ಚಿತ್ರಗಳನ್ನು ಒಂದೇ ಚಿತ್ರದ ಎರಡು ಅರ್ಧ ಅಂದುಕೊಂಡು ಸಾಲುಸಾಲಾಗಿ ಹೆಣೆಯುತ್ತದೆ. ಹೀರೋ ಆಗ ಇದ್ದ ಜಾಗವೂ ಈಗಿರುವ ಜಾಗವೂ ಒಟ್ಟಿಗೇ ಕಾಣುತ್ತವೆ. ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಮೂಡುವುದು ಅದಕ್ಕೇ.

ಮಿಣುಕುವುದರ ಕತೆ ಇನ್ನೂ ಸ್ವಾರಸ್ಯವಾಗಿದೆ. ಏಟು ಬಿದ್ದಾಗ ಎಷ್ಟೋ ಗೇಮ್‌ಗಳು ಹೀರೋನನ್ನು ಒಂದು ಫ್ರೇಮಿನಲ್ಲಿ ತೋರಿಸಿ ಮುಂದಿನದರಲ್ಲಿ ಅಡಗಿಸುತ್ತವೆ. ಇವೆರಡನ್ನೂ ಹೆಣೆದರೆ ಒಂದು ಸಾಲಿನಲ್ಲಿ ಹೀರೋ, ಪಕ್ಕದ ಸಾಲಿನಲ್ಲಿ ಬರೀ ಹಿನ್ನೆಲೆ. ನಿಮಗೆ ಕಂಡದ್ದು ಇದೇ. ಕೆಲವು ಸಾಫ್ಟ್‌ವೇರ್ ಹೆಣೆಯುವ ಬದಲು ಒಂದು ಕಂತನ್ನು ಎಸೆದುಬಿಡುತ್ತವೆ. ಆಗ ಹೀರೋ ಪೂರ್ತಿ ಮಾಯವಾಗಬಹುದು, ಇಲ್ಲವೇ ಮಿಣುಕದೆ ಹಾಗೇ ನಿಲ್ಲಬಹುದು. ಆಟ ಮಾಡಿದವರು ಬೇಕು ಅಂತಲೇ ಇಟ್ಟದ್ದು ರೆಕಾರ್ಡಿಂಗ್‌ನಲ್ಲಿ ಕಳೆದುಹೋಗುತ್ತದೆ. ನನಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ.

ಹೊಸದೇನಾದರೂ ಕೊಳ್ಳುವ ಮೊದಲು ಇದನ್ನು ಮಾಡಿ ನೋಡಿ. ಒಬಿಎಸ್ ಸ್ಟುಡಿಯೋ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಕ್ಯಾಪ್ಚರ್ ಸ್ಟಿಕ್ಕಿನ ರೆಸಲ್ಯೂಶನ್ 720×480 ಇರಲಿ, ಪಾಲ್ (ಭಾರತ, ಯುರೋಪಿನ ಹಳೇ ಟಿವಿ ಪದ್ಧತಿ) ಕನ್ಸೋಲ್ ಆದರೆ 720×576. ಆ ಸೋರ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ, ಡಿಇಂಟರ್‌ಲೇಸಿಂಗ್‌ಗೆ ಹೋಗಿ ‘ರೆಟ್ರೋ’ ಆರಿಸಿ. ಹೆಣೆದ ಎರಡು ಕಂತನ್ನು ಇದು ಬಿಡಿಸಿ ಒಂದಾದ ಮೇಲೆ ಒಂದರಂತೆ ತೋರಿಸುತ್ತದೆ. ವಿಡಿಯೋ ಸೆಟ್ಟಿಂಗ್‌ನಲ್ಲಿ ಫ್ರೇಮ್ ರೇಟ್ 60 ಮಾಡುವುದನ್ನು ಮರೆಯಬೇಡಿ (ಪಾಲ್‌ಗೆ 50). ಹೀರೋ ಮುಂದೆ ಒಂದು ಹೆಜ್ಜೆ ಇಟ್ಟು ಹಿಂದಕ್ಕೆ ಜಗ್ಗಿದ ಹಾಗೆ ಕಂಡರೆ ಕಂತುಗಳ ಕ್ರಮ ತಿರುಗಾಮುರುಗಾ ಆಗಿದೆ ಅಂತ. ಅದೇ ಮೆನುವಿನಲ್ಲಿ ಟಾಪ್ ಫೀಲ್ಡ್, ಬಾಟಮ್ ಫೀಲ್ಡ್ ಆಯ್ಕೆ ಬದಲಿಸಿ (ಫೀಲ್ಡ್ ಅಂದರೆ ಕಂತು).

ಹಳದಿ ಪಿನ್ನನ್ನು ಎಚ್‌ಡಿಎಂಐಗೆ ಬದಲಿಸುವ ಅಗ್ಗದ ಡಬ್ಬಿ ನಡುವೆ ಇದ್ದರೆ ಈ ಉಪಾಯ ಸಾಮಾನ್ಯವಾಗಿ ನಡೆಯದು. ಒಳಗೇ ಎಲ್ಲ ಕಲಸಿ ಕೊಟ್ಟಿರುತ್ತದೆ, ಆಮೇಲೆ ಬಿಡಿಸಲು ಏನೂ ಉಳಿದಿರುವುದಿಲ್ಲ.

ದುಡ್ಡು ಹಾಕುವುದಾದರೆ ಮೊದಲು ಕೇಬಲ್‌ಗೆ ಹಾಕಿ. ಹಳದಿ ಪಿನ್ನಿನಲ್ಲಿ ಬಣ್ಣ, ಬೆಳಕು ಎರಡೂ ಒಂದೇ ತಂತಿಯಲ್ಲಿ ಬರುವುದರಿಂದ ಅಂಚುಗಳಲ್ಲಿ ಚುಕ್ಕೆಗಳು ಹರಿದಾಡುತ್ತವೆ. ಮೂಲ ಮಾದರಿಯ ಸೂಪರ್ ನಿಂಟೆಂಡೊದಿಂದ ಎಸ್-ವಿಡಿಯೋ (ಬಣ್ಣ, ಬೆಳಕು ಬೇರೆ ಬೇರೆ ತಂತಿಯಲ್ಲಿ) ಬರುತ್ತದೆ, ನಿಮ್ಮ ಸ್ಟಿಕ್ಕಿನಲ್ಲಿ ಅದರ ದುಂಡನೆಯ ಕಿಂಡಿ ಇದೆಯಾ ನೋಡಿ. ಆಮೇಲೆ ಬೇಕಿದ್ದರೆ 240ಪಿ ಅರ್ಥವಾಗುವ ರೆಟ್ರೋಟಿಂಕ್‌ನಂಥ ಪರಿವರ್ತಕ, ಜೊತೆಗೊಂದು ಎಚ್‌ಡಿಎಂಐ ಕ್ಯಾಪ್ಚರ್ ಕಾರ್ಡ್. ಓಎಸ್‌ಎಸ್‌ಸಿ ಅನ್ನುವ ಇನ್ನೊಂದು ಪರಿವರ್ತಕ ಕೂಡ ಒಳ್ಳೆಯದೇ, ಆದರೆ ಅದರ ಮೂಲ ಮಾದರಿಯಲ್ಲಿ ಹಳದಿ ಪಿನ್ನಿಗಾಗಲಿ ಎಸ್-ವಿಡಿಯೋಗಾಗಲಿ ಜಾಗವಿಲ್ಲ. ಕನ್ಸೋಲ್ ಚಿತ್ರ ಕಳಿಸುವ, ಸರಿಯಾಗಿ 60 ಅಲ್ಲದ ವೇಗವನ್ನೇ ಅದು ಮುಂದೆ ದಾಟಿಸುವುದರಿಂದ ಕೆಲವು ಕ್ಯಾಪ್ಚರ್ ಕಾರ್ಡ್‌ಗಳು ಚಿತ್ರವನ್ನೇ ತೋರಿಸುವುದಿಲ್ಲ.

ಆಡುವಾಗ ಕಂಪ್ಯೂಟರಿನ ಪ್ರಿವ್ಯೂ ನೋಡಿಕೊಂಡು ಆಡಬೇಡಿ. ಅದು ತಡವಾಗಿ ಬರುತ್ತದೆ, ಜಿಗಿತಗಳೆಲ್ಲ ತಪ್ಪುತ್ತವೆ. ಸಿಗ್ನಲ್ಲನ್ನು ಎರಡಾಗಿ ಹಂಚಿ ಒಂದನ್ನು ಟಿವಿಗೆ ಕೊಡಿ.

ಯೂಟ್ಯೂಬ್‌ಗೆ ಹಾಕುವುದಾದರೆ ಇನ್ನೊಂದು ಮಾತು. ಅಲ್ಲಿ 60 ಫ್ರೇಮ್ ಸಿಗುವುದು 720ಪಿ ಮತ್ತು ಅದಕ್ಕಿಂತ ಮೇಲೆ ಮಾತ್ರ. ಚಿಕ್ಕ ವಿಡಿಯೋವನ್ನು ಹಾಗೇ ಏರಿಸಿದರೆ ಇಷ್ಟೆಲ್ಲ ಮಾಡಿ ಉಳಿಸಿದ ಮಿಣುಕು ಮತ್ತೆ ಹೋಗುತ್ತದೆ. 4:3 ಅಳತೆ ಬಿಡದೆ 1440ಪಿಗೆ ಹಿಗ್ಗಿಸಿ ಏರಿಸಿ. 240ರ ಸರಿಯಾಗಿ ಆರು ಪಟ್ಟು ಅದು, ಸಾಲುಗಳು ಮಸುಕಾಗದೆ ನಿಲ್ಲುತ್ತವೆ.