ಸಣ್ಣ ದೋಣಿಗೆ ದೊಡ್ಡ ಗಾಳಿ

ಧಾರವಾಡದ ಕೆಲಗೇರಿ ಕೆರೆಯಲ್ಲಿ ನಾವು ನಮ್ಮ ಮೊದಲ ಹಾಯಿದೋಣಿ ಬಿಟ್ಟದ್ದು ಜುಲೈ ತಿಂಗಳ ಒಂದು ಮಧ್ಯಾಹ್ನ. ಎರಡೂಮುಕ್ಕಾಲು ಅಡಿ ಉದ್ದದ್ದು. ‘ರೇಂಜರ್’ ಎಂಬ ಹಳೆಯ ರೇಸ್ ದೋಣಿಯನ್ನು ಐವತ್ತು ಪಟ್ಟು ಕುಗ್ಗಿಸಿ ಮಾಡಿದ ಮಾದರಿ. ನಕ್ಷೆಯಲ್ಲಿ ಏನಿತ್ತೋ ಅದೇ ಅಳತೆ, ಅದೇ ಲೆಕ್ಕದ ಭಾರ. ಗಾಳಿಯೂ ಜಾಸ್ತಿ ಇರಲಿಲ್ಲ, ತಂತಿಯ ಮೇಲಿನ ಬಟ್ಟೆ ಅಲ್ಲಾಡುವಷ್ಟು. ಆದರೂ ನೀರಿಗೆ ಬಿಟ್ಟ ಕೂಡಲೇ ದೋಣಿ ಮಗ್ಗುಲಿಗೆ ಮಲಗಿತು. ಎತ್ತಿ ನಿಲ್ಲಿಸಿದರೆ ಮತ್ತೆ ಮಲಗಿತು.

ಏರಿಯ ಮೇಲೆ ಎಮ್ಮೆ ಹೊಡೆದುಕೊಂಡು ಬಂದಿದ್ದ ಅಜ್ಜ ನಿಂತು ನೋಡಿದರು. “ಬುಡಕ್ಕ ಭಾರ ಸಾಲವಲ್ದು ನೋಡೋ ತಮ್ಮಾ” ಅಂದರು.

ಅವರ ಮಾತು ಸರಿಯೇ. ಆದರೆ ಯಾಕೆ ಸಾಲಲಿಲ್ಲ? ಅಸಲಿ ರೇಂಜರ್ ಇದೇ ಆಕಾರದಲ್ಲಿ ಅಟ್ಲಾಂಟಿಕ್ ಸಮುದ್ರದ ಗಾಳಿಯಲ್ಲಿ ಓಡಿತ್ತಲ್ವಾ?

ಅಸಲಿ ರೇಂಜರ್ 1937ರದು. ಉದ್ದ 135 ಅಡಿ, ತೂಕ ಸುಮಾರು 166 ಟನ್, ಉಕ್ಕಿನ ಮೈ. ಆ ವರ್ಷ ಅಮೆರಿಕಾಸ್ ಕಪ್ ಎಂಬ ಹಾಯಿದೋಣಿ ರೇಸಿನಲ್ಲಿ ಇಂಗ್ಲೆಂಡಿನ ‘ಎಂಡೆವರ್ 2’ ದೋಣಿಯನ್ನು 4-0ಯಿಂದ ಸೋಲಿಸಿತು. ನಾಲ್ಕು ವರ್ಷಕ್ಕೇ, 1941ರಲ್ಲಿ, ಅದನ್ನು ಒಡೆದು ಗುಜರಿಗೆ ಹಾಕಿದರು. ಅದರ ಫೋಟೊ ನೋಡಿದಾಗಲೆಲ್ಲ ನನಗೆ ಈಗಲೂ ಸಂಕಟವಾಗುತ್ತದೆ. ಜೆ-ಕ್ಲಾಸ್ ಎಂದು ಕರೆಯುವ ಆ ಜಾತಿಯ ದೋಣಿಗಳಷ್ಟು ಚೆಂದದ್ದನ್ನು ಮನುಷ್ಯ ನೀರಿನ ಮೇಲೆ ಇನ್ನೊಂದು ಬಿಟ್ಟಿಲ್ಲ ಎಂದೇ ನನ್ನ ನಂಬಿಕೆ.

ಈಗ ಲೆಕ್ಕಕ್ಕೆ ಬರೋಣ. ದೋಣಿಯನ್ನು 16 ಪಟ್ಟು ಕುಗ್ಗಿಸಿದಿರಿ ಅಂದುಕೊಳ್ಳಿ. ಹಾಯಿಯ ಬಟ್ಟೆಗೆ ಉದ್ದ, ಅಗಲ ಎರಡೂ ಉಂಟು. ಹಾಗಾಗಿ ಅದು 16×16, ಅಂದರೆ 256 ಪಟ್ಟು ಕಡಿಮೆಯಾಗುತ್ತದೆ. ತೂಕಕ್ಕೆ ಉದ್ದ, ಅಗಲ, ಆಳ ಮೂರೂ ಸೇರುತ್ತವೆ. ಅದು 4096 ಪಟ್ಟು ಇಳಿಯುತ್ತದೆ. ಗಾಳಿ ತಳ್ಳುವುದು ಬಟ್ಟೆಯನ್ನು. ಆ ತಳ್ಳಾಟಕ್ಕೆ ಎದುರಾಗಿ ದೋಣಿಯನ್ನು ನೆಟ್ಟಗೆ ಹಿಡಿಯುವುದು ತಳದ ಭಾರ. ಬಟ್ಟೆಗಿಂತ ಭಾರವೇ 16 ಪಟ್ಟು ಹೆಚ್ಚು ಕರಗಿಹೋಯಿತು. ಗಾಳಿ ಮಾತ್ರ ಎಷ್ಟಿತ್ತೋ ಅಷ್ಟೇ ಇದೆ. ಅದನ್ನು ಯಾರೂ ಕುಗ್ಗಿಸಿಲ್ಲ.

ಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತದೆ. ಹಾಗಾಗಿ 16ರ ವರ್ಗಮೂಲ ತೆಗೆದರೆ ಉತ್ತರ ಸಿಗುತ್ತದೆ: ಗಂಟೆಗೆ 12 ಕಿ.ಮೀ. ಗಾಳಿ ಆ ಮಾದರಿಗೆ 48 ಕಿ.ಮೀ. ಗಾಳಿ ಇದ್ದ ಹಾಗೆ. ಐವತ್ತು ಪಟ್ಟು ಕುಗ್ಗಿಸಿದ ನಮ್ಮ ದೋಣಿಗೆ ಅದೇ ಗಾಳಿ 85 ಕಿ.ಮೀ. ಬಿರುಗಾಳಿ. ಪಾಪ, ಮಲಗದೆ ಏನು ಮಾಡೀತು? ಅದೂ ನಮ್ಮ ಕಡೆ ಮಳೆಗಾಲದ ಪಡುವಣ ಗಾಳಿ ಎಂಥದ್ದು ಅಂತ ಗದಗಿನ ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ನೋಡಿದವರಿಗೆ ಗೊತ್ತು. ಒಂದು ಸಣ್ಣ ರಿಯಾಯಿತಿ ಮಾತ್ರ ನಮಗುಂಟು. ಧಾರವಾಡ ಸಮುದ್ರಮಟ್ಟಕ್ಕಿಂತ 700 ಮೀಟರಿಗೂ ಮೇಲಿದೆ. ಇಲ್ಲಿನ ಗಾಳಿ ಕಾರವಾರದ ಗಾಳಿಗಿಂತ ನೂರಕ್ಕೆ ಆರೇಳರಷ್ಟು ಹಗುರ.

ಇದಕ್ಕೆ ಮದ್ದು ಏನು? ದೋಣಿಯನ್ನು ದೊಡ್ಡದು ಮಾಡುವುದು. ನಾವು ಎರಡನೆಯದನ್ನು 1:16 ಅಳತೆಯಲ್ಲಿ ಕಟ್ಟಿದೆವು. ಎಂಟೂವರೆ ಅಡಿ ಉದ್ದ, ಹತ್ತು ಅಡಿ ಹಾಯಿಗಂಬ. ತೂಕ 40 ಕಿಲೋ ಚಿಲ್ಲರೆ, ಎರಡು ದೊಡ್ಡ ಕ್ಯಾನ್ ನೀರಿನಷ್ಟು. ಆರ್ಕಿಮಿಡೀಸ್ ಲೆಕ್ಕದಲ್ಲೂ ಅಷ್ಟೇ: ಆ ಎರಡು ಕ್ಯಾನಿನಷ್ಟು ನೀರನ್ನು ಪಕ್ಕಕ್ಕೆ ಸರಿಸಿ ದೋಣಿ ತೇಲುತ್ತದೆ. ಪ್ಲೈವುಡ್ಡಿನ ಪಕ್ಕೆಲುಬು ನಿಲ್ಲಿಸಿ, ಮೇಲೆ ಬೆರಳಗಲದ ಕಟ್ಟಿಗೆ ಪಟ್ಟಿಗಳನ್ನು ಒಂದರ ಪಕ್ಕ ಒಂದು ಅಂಟಿಸಿ, ಹೊರಗೆ ಗಾಜಿನ ನಾರಿನ ಬಟ್ಟೆಗೆ ರೆಸಿನ್ ಬಳಿದದ್ದು. ಮೈ ಎಷ್ಟು ಹಗುರವಾದರೆ ತಳಕ್ಕೆ ಅಷ್ಟು ಜಾಸ್ತಿ ಸೀಸ ಹಾಕಬಹುದು. ಹಾಗಾಗಿ ಉಜ್ಜುಕಾಗದ ಹಿಡಿದು ಕೂತ ಸಂಜೆಗಳಿಗೆ ಲೆಕ್ಕವಿಲ್ಲ. ಸೀಸವನ್ನು ಮಾತ್ರ ಮನೆಯಲ್ಲಿ ಕಾಯಿಸಲಿಲ್ಲ, ಅದರ ಹೊಗೆ ಮತ್ತು ಧೂಳು ವಿಷ. ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆ ಎರಕ ಹೊಯ್ಯುವವರಿಗೆ ಅಚ್ಚು ಕೊಟ್ಟು ಬಂದೆವು. ಇಷ್ಟಾದರೂ ತಳದ ಕೆಳಗೆ ಒಂದಡಿ ಉದ್ದದ ರೆಕ್ಕೆ ಇಳಿಬಿಟ್ಟು, ಅದರ ತುದಿಗೆ ಸೀಸ ಕಟ್ಟಬೇಕಾಯಿತು. ಅಸಲಿ ರೇಂಜರ್‌ಗೆ ಆ ರೆಕ್ಕೆ ಇರಲಿಲ್ಲ. ನೀರಿನಲ್ಲಿ ಮುಳುಗಿರುವುದರಿಂದ ಯಾರಿಗೂ ಕಾಣುವುದಿಲ್ಲ. ಅಜ್ಜ ಹೇಳಿದ ಬುಡದ ಭಾರ ಇದೇ.

ಮಾದರಿ ದೋಣಿ ನಂಬಿಕೆಗೆ ಯೋಗ್ಯವೇ ಎಂಬ ಪ್ರಶ್ನೆ ಹಳೆಯದು. ಇಂಗ್ಲೆಂಡಿನ ವಿಲಿಯಂ ಫ್ರೂಡ್ 1872ರಲ್ಲಿ ಟಾರ್ಕಿ ಊರಿನಲ್ಲಿ ಉದ್ದನೆಯ ನೀರಿನ ತೊಟ್ಟಿ ಕಟ್ಟಿ ಮಾದರಿಗಳನ್ನು ಎಳೆದು ನೋಡಿದರು. ದೋಣಿಯನ್ನು ತಡೆಯುವುದು ಒಂದಲ್ಲ, ಎರಡು ಎಂದು ಅವರು ಬಿಡಿಸಿ ತೋರಿಸಿದರು. ಒಂದು, ದೋಣಿ ತಾನೇ ಎಬ್ಬಿಸುವ ಅಲೆ. ಇನ್ನೊಂದು, ಮೈಗೆ ನೀರು ಉಜ್ಜುವ ಘರ್ಷಣೆ. ಅಲೆ ಮಾತು ಕೇಳುತ್ತದೆ: 16 ಪಟ್ಟು ಸಣ್ಣ ದೋಣಿಯನ್ನು ಕಾಲುಭಾಗ ವೇಗದಲ್ಲಿ ಓಡಿಸಿದರೆ ಅಲೆಗಳ ಚಿತ್ರ ಅಸಲಿಯದ್ದೇ. ಘರ್ಷಣೆ ಮಾತು ಕೇಳುವುದಿಲ್ಲ. ಸಣ್ಣ ದೋಣಿಗೆ ನೀರು ಅಂಟಂಟಾಗಿ, ಬೆಲ್ಲದ ಪಾಕದ ಕಡೆಗೆ ವಾಲಿದ ಹಾಗೆ ವರ್ತಿಸುತ್ತದೆ. ಅದನ್ನು ಬೇರೆಯಾಗಿಯೇ ಲೆಕ್ಕ ಹಾಕಬೇಕು. ಫ್ರೂಡ್ ‘ಗ್ರೇಹೌಂಡ್’ ಎಂಬ ನಿಜವಾದ ಯುದ್ಧನೌಕೆಯನ್ನೇ ಇನ್ನೊಂದು ಹಡಗಿನಿಂದ ಎಳೆಸಿ ಈ ಲೆಕ್ಕ ತಾಳೆ ನೋಡಿದರು.

ರೇಂಜರ್‌ನ ಆಕಾರ ಆರಿಸಿದ್ದೂ ಇಂಥ ತೊಟ್ಟಿಯಲ್ಲೇ. ನ್ಯೂಜೆರ್ಸಿಯ ಸ್ಟೀವೆನ್ಸ್ ಸಂಸ್ಥೆಯಲ್ಲಿ ಕೆನೆತ್ ಡೇವಿಡ್ಸನ್ ಪುಟ್ಟ ಮಾದರಿಗಳನ್ನು ಎಳೆದು ನೋಡಿದ್ದರು. ಅದು ಗೆದ್ದಿತು. ಆದರೆ 1974ರ ‘ಮರೀನರ್’ ಎಂಬ ದೋಣಿಗೆ ಹಾಗಾಗಲಿಲ್ಲ. ಹಿಂಭಾಗದ ತಳವನ್ನು ಮೆಟ್ಟಿಲಿನ ಹಾಗೆ ಕತ್ತರಿಸಿದ ವಿನ್ಯಾಸ ಅದು. ಸಣ್ಣ ಮಾದರಿ ತೊಟ್ಟಿಯಲ್ಲಿ ಆಸೆ ಹುಟ್ಟಿಸಿತು. ಸಮುದ್ರದಲ್ಲಿ ದೋಣಿ ತನ್ನ ಹಿಂದೆ ನೀರನ್ನೇ ಎಳೆದುಕೊಂಡು ಹೋಯಿತು, ಅಮೆರಿಕಾಸ್ ಕಪ್ ರೇಸಿನ ಆಯ್ಕೆಯ ಹಂತದಲ್ಲೇ ಹೊರಬಿತ್ತು. 1983ರ ‘ಆಸ್ಟ್ರೇಲಿಯಾ 2’ ತಂಡ ಬೇರೆ ದಾರಿ ಹಿಡಿಯಿತು. ನೆದರ್ಲೆಂಡ್ಸಿನ ತೊಟ್ಟಿಯಲ್ಲಿ ಅಸಲಿಯ ಮೂರರಲ್ಲೊಂದು ಅಳತೆಯ ದೊಡ್ಡ ಮಾದರಿಗಳನ್ನು ಎಳೆದು ನೋಡಿತು. ಆ ದೋಣಿ 132 ವರ್ಷ ಅಮೆರಿಕದಲ್ಲೇ ಇದ್ದ ಅಮೆರಿಕಾಸ್ ಕಪ್ ಅನ್ನು ಎತ್ತಿಕೊಂಡು ಹೋಯಿತು.

ನಮ್ಮ ದೊಡ್ಡ ರೇಂಜರ್ ಬಿಟ್ಟ ದಿನ ಬೆಳಿಗ್ಗೆ ಒಂಬತ್ತಾಗಿತ್ತು. ನೆಲ ಕಾಯ್ದು ಗಾಳಿ ಎದ್ದಿತ್ತು. ಹುಬ್ಬಳ್ಳಿಯ ಗೆಳೆಯ ಅದೇ ಅಳತೆಯಲ್ಲಿ 1934ರ ‘ಎಂಡೆವರ್’ ಕಟ್ಟಿ ತಂದಿದ್ದ. ರಿಮೋಟಿನಿಂದ ಎರಡೇ ಕೆಲಸ: ಚುಕ್ಕಾಣಿ ತಿರುಗಿಸುವುದು, ಹಾಯಿಯ ಹಗ್ಗವನ್ನು ಎಳೆದು ಬಿಡುವುದು. ಉಳಿದದ್ದೆಲ್ಲ ಗಾಳಿಯದೇ. ಗಾಳಿಗೆ ಎದುರಾಗಿ ನೇರ ಹೋಗುವಂತಿಲ್ಲ, ಅಡ್ಡಡ್ಡ ಹೋಗುತ್ತಾ ಏರಬೇಕು. ಎಂಡೆವರ್ ಗಾಳಿ ಬರುವ ಕಡೆ ಬಂದಾಗಲೆಲ್ಲ ನಮ್ಮ ಹಾಯಿ ಸೋತು ಜೋಲುತ್ತಿತ್ತು. ದೋಣಿ ವಾಲಿದಾಗ ಮುಂದಿನ, ಹಿಂದಿನ ಚಾಚುಗಳು ನೀರಿಗಿಳಿದು ತೇಲುವ ಉದ್ದ ಹೆಚ್ಚುತ್ತದೆ, ಅದರೊಂದಿಗೆ ವೇಗವೂ. ಇಷ್ಟಾದರೂ ಗಂಟೆಗೆ ಆರು ಕಿ.ಮೀ. ಆಸುಪಾಸು. ಏರಿಯ ಮೇಲೆ ಬಿರಬಿರನೆ ನಡೆದರೆ ಜೊತೆಜೊತೆಗೇ ಹೋಗಬಹುದು.

ಆ ಸಂಜೆ ಮೊಬೈಲಿನಲ್ಲಿ ತೆಗೆದ ವಿಡಿಯೊವನ್ನು ನಾಲ್ಕು ಪಟ್ಟು ನಿಧಾನ ಮಾಡಿ ನೋಡಿದೆವು. 16ರ ವರ್ಗಮೂಲ ನಾಲ್ಕು, ಕಾಲಕ್ಕೂ ಅದೇ ಲೆಕ್ಕ. ತೂಗಾಡುತ್ತಾ, ಮೂತಿ ಎತ್ತಿ ಇಳಿಸುತ್ತಾ ಬರುತ್ತಿದ್ದದ್ದು ಕೆಲಗೇರಿಯ ದೋಣಿಯಲ್ಲ, ರೇಂಜರ್ ರೇಸ್ ಗೆದ್ದ ಅಮೆರಿಕದ ನ್ಯೂಪೋರ್ಟ್ ಸಮುದ್ರದ 166 ಟನ್ ಉಕ್ಕು. ಯಾರೂ ಮಾತಾಡಲಿಲ್ಲ. ಗೆಳೆಯನ ಮಗಳು ಮಾತ್ರ ಮೂತಿಯಿಂದ ಚಿಮ್ಮುವ ಹನಿಗಳನ್ನು ತೋರಿಸಿ, “ಕಾಕಾ, ಸಮುದ್ರದಾಗ ಹನಿ ಇಷ್ಟು ದೊಡ್ಡವು ಇರ್ತಾವೇನು?” ಅಂದಳು. ನೀರನ್ನು ಹನಿಯಾಗಿ ಹಿಡಿದಿಡುವುದು ಅದರ ಮೇಲ್ಮೈ ಸೆಳೆತ. ದೋಣಿ ಎಷ್ಟೇ ಕುಗ್ಗಿದರೂ ಆ ಹನಿ ಕುಗ್ಗುವುದಿಲ್ಲ. ಮೂರು ಮಿಲಿಮೀಟರಿನ ಹನಿ ಆ ಅಳತೆಯಲ್ಲಿ ಸುಮಾರು ಐದು ಸೆಂಟಿಮೀಟರ್. ರೇಂಜರ್‌ನ ಮೂತಿಯಿಂದ ಲಿಂಬೆಹಣ್ಣುಗಳು ಹಾರುತ್ತಿದ್ದವು.