ಹಾಡಿನ ಜೊತೆಗೇ ಬರುವ ಅಪಾಯದ ಸೂಚನೆ

2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಮೀಠಿ ನದಿ ಉಕ್ಕಿ ಕುರ್ಲಾದ ಬೀದಿಗಳಿಗೆ ನುಗ್ಗಿತು. ಎಷ್ಟೋ ಕಡೆ ಕರೆಂಟ್ ಹೋಯ್ತು, ಫೋನ್ ಸಿಗದಾಯ್ತು. ಮಾಟುಂಗಾದಲ್ಲಿ ಸಿಕ್ಕಿಹಾಕಿಕೊಂಡವರಿಗೆ ಡೊಂಬಿವಿಲಿಯ ಮನೆ ಏನಾಗಿದೆಯೋ ಗೊತ್ತಿಲ್ಲ.

ಫೋನಿನಲ್ಲಿ ಒಂದೊಂದು ಕರೆಗೂ ಬೇರೆ ದಾರಿ ಬೇಕು. ಎಲ್ಲರೂ ಒಟ್ಟಿಗೆ ಡಯಲ್ ಮಾಡಿದರೆ ಮುಗೀತು. ರೇಡಿಯೊಗೆ ಆ ತಾಪತ್ರಯವಿಲ್ಲ. ಒಬ್ಬ ಕೇಳಿದರೂ ಕೋಟಿ ಜನ ಕೇಳಿದರೂ ಟ್ರಾನ್ಸ್‌ಮಿಟರ್‌ಗೆ ಅಷ್ಟೇ ಕೆಲಸ.

ಹಾಡು ನಿಲ್ಲಿಸದೆಯೇ ಎಚ್ಚರಿಕೆ ಕಳಿಸಲು ಎಫ್‌ಎಂನಲ್ಲಿ ನಮ್ಮ ಕಿವಿಗೆ ಬೀಳದ ಜಾಗವೂ ಉಂಟು. ಹಾಡು, ಮಾತು ಎಲ್ಲ 15 ಕಿಲೋಹರ್ಟ್ಸ್ ಒಳಗೇ ಮುಗಿಯುತ್ತದೆ. 19ರಲ್ಲಿ ಸ್ಟೀರಿಯೊದ ಗುರುತಿನ ಸ್ವರ. 23ರಿಂದ 53ರವರೆಗೆ ಎಡ ಕಿವಿಗೂ ಬಲ ಕಿವಿಗೂ ಇರುವ ವ್ಯತ್ಯಾಸ. ಅದರ ಮೇಲೆ, ಲೋಕಲ್ ಟ್ರೈನಿನಲ್ಲಿ ಸೀಟುಗಳ ಮೇಲಿನ ಬ್ಯಾಗ್ ಇಡುವ ಜಾಗದ ಹಾಗೆ, 57 ಕಿಲೋಹರ್ಟ್ಸ್‌ನಲ್ಲಿ ಆರ್‌ಡಿಎಸ್ (ರೇಡಿಯೊ ಡೇಟಾ ಸಿಸ್ಟಮ್) ಎಂಬ, ಅಕ್ಷರ-ಅಂಕಿಗಳನ್ನು ಹೊತ್ತೊಯ್ಯುವ ಸಣ್ಣ ವಾಹಕ ಕೂತಿರುತ್ತದೆ. 57 ಅಂದರೆ 19ರ ಮೂರು ಪಟ್ಟು. ಸುಮ್ನೆ ಆರಿಸಿದ ಅಂಕಿಯಲ್ಲ ಇದು: ಆ ಗುರುತಿನ ಸ್ವರಕ್ಕೇ ತಾಳ ಹೊಂದಿಸಿಕೊಂಡರೆ ಎರಡೂ ಒಂದರೊಳಗೊಂದು ಕಲಸುವುದಿಲ್ಲ. ಕಾರಿನ ಸ್ಟೀರಿಯೊದಲ್ಲಿ ಸ್ಟೇಷನ್ ಹೆಸರು ಮೂಡುತ್ತದಲ್ವಾ, ಅದು ಬರುವುದು ಇಲ್ಲಿಂದಲೇ.

ವೇಗ ಸೆಕೆಂಡಿಗೆ 1187.5 ಬಿಟ್. ಇವತ್ತಿನ ಲೆಕ್ಕದಲ್ಲಿ ನಗು ಬರಿಸುವಷ್ಟು ಕಡಿಮೆ. ಆದರೆ ಅಪಾಯ ಹೇಳಲು ಎಷ್ಟು ಮಾತು ಬೇಕು? 104 ಬಿಟ್‌ಗಳ ಒಂದು ಗುಂಪು ಹೋಗಲು ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಡ. ಕಾರ್ಯಕ್ರಮದ ಬಗೆ (ಸುದ್ದಿಯೋ, ಸಂಗೀತವೋ) ಹೇಳುವ ಸಂಖ್ಯೆಗಳ ಪಟ್ಟಿಯಲ್ಲಿ 31 ಅಂದರೆ ಅಪಾಯ, 30 ಅಂದರೆ ಅದರ ಪರೀಕ್ಷೆ. ಇದಲ್ಲದೆ ಎಚ್ಚರಿಕೆಗೆಂದೇ ಒಂದು ಗುಂಪು ಮೀಸಲಿದೆ. ಅದರೊಳಗೆ ಏನು ತುಂಬಬೇಕು ಎನ್ನುವುದು ಆಯಾ ದೇಶಕ್ಕೆ ಬಿಟ್ಟದ್ದು. ಬರುವುದು ಬರೀ ಸಂಖ್ಯೆಯಾದ್ದರಿಂದ ರಿಸೀವರ್ ಅದನ್ನು ಮರಾಠಿಯಲ್ಲೂ ಹೇಳಬಹುದು, ಕನ್ನಡದಲ್ಲೂ ಹೇಳಬಹುದು. ಅತ್ತ ಹಾಡು ತನ್ನ ಪಾಡಿಗೆ ನಡೆಯುತ್ತಿರುತ್ತದೆ.

ಈಗ ಫೋನಿಗೆ ಸೆಲ್ ಬ್ರಾಡ್‌ಕಾಸ್ಟ್ (ಟವರ್‌ನಿಂದ ಸುತ್ತಲಿನ ಎಲ್ಲ ಫೋನಿಗೂ ಒಟ್ಟಿಗೆ ಹೋಗುವ ಸಂದೇಶ) ಎಚ್ಚರಿಕೆ ಬರುತ್ತದೆ, ಮತ್ತಿದು ಯಾಕೆ ಅಂತೀರಾ? ಕರೆಗಳ ಗದ್ದಲದಲ್ಲಿ ಅದು ಸಿಕ್ಕಿಕೊಳ್ಳುವುದಿಲ್ಲ, ನಿಜ. ಆದರೆ ನಿಮ್ಮ ಏರಿಯಾದ ಟವರ್‌ನ ಬ್ಯಾಟರಿ ಖಾಲಿಯಾದರೆ ಅದೂ ಇಲ್ಲ. ಎಫ್‌ಎಂನ ಒಂದೇ ಟ್ರಾನ್ಸ್‌ಮಿಟರ್ ಊರಿನ ದೊಡ್ಡ ಪಾಲನ್ನು ಮುಟ್ಟುತ್ತದೆ. ಅದೊಂದಕ್ಕೆ ಜನರೇಟರ್ ಇದ್ದರೆ ಸಾಕು.

ತೊಡಕುಗಳೂ ಇವೆ. ಆರ್‌ಡಿಎಸ್ ಸಂಕೇತ ದುರ್ಬಲ, ಹಾಡು ಕೇಳಿಸುವ ಕಡೆಯೂ ಕೆಲವೊಮ್ಮೆ ಅದು ತಪ್ಪಿಹೋಗುತ್ತದೆ. ಅದಕ್ಕೇ ಸಂದೇಶವನ್ನು ಮತ್ತೆ ಮತ್ತೆ ಕಳಿಸಬೇಕು. ಅದರಲ್ಲಿರುವ ತಪಾಸಣೆಯ ಬಿಟ್‌ಗಳು ದಾರಿಯಲ್ಲಿ ಕೆಟ್ಟದ್ದನ್ನು ಹಿಡಿಯುತ್ತವೆ, ಕಳಿಸಿದವರು ಯಾರೆಂದು ಹೇಳುವುದಿಲ್ಲ. ಕಿಡಿಗೇಡಿಯೊಬ್ಬ ಸುಳ್ಳು ಎಚ್ಚರಿಕೆ ಬಿಟ್ಟರೆ ರಿಸೀವರ್ ನಂಬಿಬಿಡುತ್ತದೆ. ಕಳಿಸಿದವರನ್ನು ಖಾತರಿಪಡಿಸುವ ಡಿಜಿಟಲ್ ಸಹಿಯ ವ್ಯವಸ್ಥೆಯನ್ನು ಬೇರೆಯಾಗಿಯೇ ಸೇರಿಸಬೇಕು.

ದೊಡ್ಡ ತಲೆನೋವು ಮಾತ್ರ ರಿಸೀವರ್‌ನದೇ. ಆಫ್ ಆದ ರೇಡಿಯೊ ಏನನ್ನೂ ಕೇಳಿಸಿಕೊಳ್ಳುವುದಿಲ್ಲ. ಫೋನ್‌ಗಳಲ್ಲಿ ಎಫ್‌ಎಂ ಸೌಲಭ್ಯ ಉಳಿಸಿ ಎಂದು 2023ರಲ್ಲಿ ಕೇಂದ್ರದ ಐಟಿ ಸಚಿವಾಲಯ ತಯಾರಕರಿಗೆ ಸೂಚಿಸಿತು. ಆದರೆ ಸಾಮಾನ್ಯವಾಗಿ ಫೋನಿನ ಎಫ್‌ಎಂಗೆ ಇಯರ್‌ಫೋನಿನ ವೈರೇ ಆಂಟೆನಾ. ಬ್ಲೂಟೂತ್ ಬಂದ ಮೇಲೆ ವೈರ್ ಯಾರ ಹತ್ತಿರ ಇದೆ? ನನ್ನ ಕೇಳಿದರೆ ಫೋನನ್ನು ನೆಚ್ಚದೆ, ಸೊಸೈಟಿಯ ವಾಚ್‌ಮನ್ ಕ್ಯಾಬಿನ್ನಿನಲ್ಲೇ ಒಂದು ಡಬ್ಬಿ ಇಡಬೇಕು. ಎಫ್‌ಎಂ ಚಿಪ್, ಬ್ಯಾಟರಿ, ಒಂದು ಸೈರನ್. ಹಗಲೂ ರಾತ್ರಿ ಅದಕ್ಕೆ ಒಂದೇ ಕೆಲಸ, 31 ಬಂತಾ ಅಂತ ನೋಡುವುದು.